ಪೇಸ್‌ಮೇಕರ್ ಹಾಕಿಸುವ ಮುಂಚೆ, ಹಾಕಿಸಿದ ಮೇಲೆ: ತೋಟದ ಮನೆಯವರಿಗೊಂದು ಮಾರ್ಗದರ್ಶಿ

ನಮ್ಮ ಅಪ್ಪಯ್ಯ ಮೊದಲ ಸಲ ಬಿದ್ದದ್ದು ಅಡಿಕೆ ಅಂಗಳದಲ್ಲಿ. ತೀರ್ಥಹಳ್ಳಿಯಿಂದ ಆಚೆ, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರು ನಮ್ಮದು. ಬೇಯಿಸಿದ ಅಡಿಕೆ ಹರವುತ್ತಿದ್ದವರು ಮುಖ ಬಿಳಚಿಕೊಂಡು ಕುಸಿದರು. ಅರ್ಧ ನಿಮಿಷಕ್ಕೆಲ್ಲ ಕಣ್ಣು ಬಿಟ್ಟು, "ಎಂತ ಇಲ್ಲ ಮಾರಾಯ, ಕಾಲು ಜಾರ್ತು" ಅಂದರು. ಎರಡನೇ ಸಲ ಬಿದ್ದದ್ದು ಬಚ್ಚಲಲ್ಲಿ. ಮನೆಗೆ ಬಂದಿದ್ದ ನೆಂಟರೊಬ್ಬರು ಪಿಟ್ಸ್ ಇರಬೇಕು ಅಂತ ಕೈಗೆ ಬೀಗದ ಕೈ ಹಿಡಿಸಿದರು, ಮೂಗಿಗೆ ಈರುಳ್ಳಿ ಹಿಡಿದರು. ಪೇಟೆಯ ಡಾಕ್ಟರೊಬ್ಬರು ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಮೂರನೇ ಸಲ ಬಿದ್ದಾಗ ಮಣಿಕಟ್ಟು ಹಿಡಿದು ಗಡಿಯಾರ ನೋಡಿದವರು ನಮ್ಮೂರಿನ ಆಶಾ ಕಾರ್ಯಕರ್ತೆ. ನಾಡಿ ನಿಮಿಷಕ್ಕೆ 34.

ಆರು ವರ್ಷದಿಂದ ಅಪ್ಪಯ್ಯನ ಎಡ ಕಾಲರ್ ಮೂಳೆಯ ಕೆಳಗೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಪೆಟ್ಟಿಗೆ ಇದೆ. ಹೃದಯ ನಿಧಾನವಾದಾಗ ವಿದ್ಯುತ್ ಮಿಡಿತ ಕೊಟ್ಟು ಬಡಿಸುವ ಪೇಸ್‌ಮೇಕರ್ ಅದು. ಆ ಆರು ವರ್ಷದಲ್ಲಿ ಸುತ್ತಲ ನಾಲ್ಕಾರು ಮನೆಯವರ ಜೊತೆ ನಾನೂ ಆಸ್ಪತ್ರೆಗೆ ಓಡಾಡಿದ್ದೇನೆ. ನಾನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಹೇಳಬಲ್ಲೆ.

1. ಮೊದಲು ನಾಡಿ ಎಣಿಸಿ

ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಮಧ್ಯೆ ತಪ್ಪುವ ಬಡಿತ ಸಿಗುವುದು ಪೂರ್ತಿ ಎಣಿಸಿದಾಗಲೇ. ಸುಮ್ಮನೆ ಕೂತಾಗ 60ರಿಂದ 100 ಸಾಮಾನ್ಯ. ದಿನವಿಡೀ ಗುಡ್ಡ ಹತ್ತಿಳಿಯುವವರಿಗೆ 50–55 ಇದ್ದು ಏನೂ ತೊಂದರೆ ಇಲ್ಲದೆಯೂ ಇರಬಹುದು. 40ರ ಕೆಳಗಿದ್ದರೆ, ಅಥವಾ ನಾಡಿ ನಿಧಾನವಿರುವುದರ ಜೊತೆ ತಲೆ ತಿರುಗು, ಕಣ್ಣು ಕತ್ತಲೆ, ನಾಲ್ಕು ಮೆಟ್ಟಿಲಿಗೇ ಏದುಸಿರು ಇದ್ದರೆ ಅವತ್ತೇ ಹೊರಡಿ. ಬಿದ್ದು ಎಚ್ಚರ ತಪ್ಪಿದ್ದರೆ 108ಕ್ಕೆ ಫೋನ್ ಮಾಡಿ, ಬೈಕಿನಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಹೋಗಬೇಡಿ.

ಪಿಟ್ಸ್‌ಗೂ ಇದಕ್ಕೂ ಗೊಂದಲ ಆಗುವುದು ಸಹಜ, ಯಾಕೆಂದರೆ ಮಿದುಳಿಗೆ ರಕ್ತ ನಿಂತಾಗ ಕೈಕಾಲು ಒಂದೆರಡು ಸಲ ಎಳೆಯುವುದೂ ಉಂಟು. ಹೃದಯ ನಿಧಾನವಾಗಿ ಬಿದ್ದವರು ಮೊದಲು ಬಿಳಚಿಕೊಳ್ಳುತ್ತಾರೆ, ಬೇಗ ಎಚ್ಚರಾಗುತ್ತಾರೆ, ಎಚ್ಚರಾದ ತಕ್ಷಣ ಮಾತು ನೆಟ್ಟಗಿರುತ್ತದೆ. ಪಿಟ್ಸ್ ಬಂದವರಿಗೆ ಆಮೇಲೂ ತುಂಬ ಹೊತ್ತು ಮಂಕು ಇರುತ್ತದೆ. ಬಿದ್ದ ಹೊತ್ತಿನಲ್ಲೇ ನಾಡಿ ನೋಡಿದವರು ಯಾರಾದರೂ ಇದ್ದರೆ ಅವರ ಮಾತು ಡಾಕ್ಟರಿಗೆ ತುಂಬ ಬೆಲೆಯುಳ್ಳದ್ದು. ಅವರನ್ನೂ ಕರೆದುಕೊಂಡು ಹೋಗಿ.

2. ಇಸಿಜಿ ಕೈಗೆ ಪಡೆಯಿರಿ, ಹಾಳೆ ಕಳೆಯಬೇಡಿ

ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಆಗುತ್ತದೆ. ತೊಂದರೆ ಯಾವಾಗಲೂ ಇರುವಂಥದ್ದಾದರೆ ಅದರಲ್ಲೇ ಗೊತ್ತಾಗುತ್ತದೆ. ಬಂದು ಹೋಗುವಂಥದ್ದಾದರೆ ಒಂದು ಹಾಳೆಗೆ ಸಿಕ್ಕದು, ಆಗ 24 ಗಂಟೆಯೋ ಇನ್ನೂ ಹೆಚ್ಚೋ ಮೈಗೆ ಕಟ್ಟಿಕೊಂಡು ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರ ಬೇಕಾಗುತ್ತದೆ. ಹೋಲ್ಟರ್ ಕಟ್ಟಿಕೊಂಡು ಮಂಚದ ಮೇಲೆ ಮಲಗಬೇಡಿ. ಎಂದಿನ ಕೆಲಸ ಮಾಡಿ, ತಲೆ ತಿರುಗಿದ ಹೊತ್ತನ್ನು ಬರೆದಿಡಿ.

ಇಸಿಜಿ ಹಾಳೆಯ ಗೆರೆಗಳು ಬಿಸಿಲಿಗೆ, ಹಳೆತನಕ್ಕೆ ಮಾಸುತ್ತವೆ. ಅಂದೇ ಮೊಬೈಲಲ್ಲಿ ಫೋಟೋ ತೆಗೆದಿಡಿ.

3. ತೆಗೆದುಹಾಕಬಹುದಾದ ಕಾರಣ ಇದೆಯೋ ನೋಡಿ

ಜನ ಅವಸರದಲ್ಲಿ ಬಿಟ್ಟುಬಿಡುವ ಹೆಜ್ಜೆ ಇದು. ಹೃದಯ ನಿಧಾನವಾದ ಮಾತ್ರಕ್ಕೆ ಎಲ್ಲರಿಗೂ ಪೇಸ್‌ಮೇಕರ್ ಬೇಕಿಲ್ಲ. ಬಿಪಿಗೆ, ಎದೆನೋವಿಗೆ ಕೊಡುವ ಅಟೆನಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ವೆರಾಪಮಿಲ್, ಹಾಗೇ ಡಿಗಾಕ್ಸಿನ್ ನಾಡಿಯನ್ನು ನಿಧಾನ ಮಾಡುತ್ತವೆ. ಥೈರಾಯ್ಡ್ ಕಮ್ಮಿ ಇದ್ದರೂ, ಕಿಡ್ನಿ ಸೋತು ರಕ್ತದಲ್ಲಿ ಪೊಟ್ಯಾಸಿಯಂ ಏರಿದರೂ ಹಾಗೇ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಪಟ್ಟಿಯನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. "ಇದರಲ್ಲಿ ಯಾವುದಾದರೂ ಕಾರಣ ಇರಬಹುದಾ?" ಎಂದು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬೀಟಾ ಬ್ಲಾಕರ್ ಜಾತಿಯ ಮಾತ್ರೆಯನ್ನು (ಅಟೆನಲಾಲ್, ಮೆಟೊಪ್ರೊಲಾಲ್ ಇಂಥವು) ಥಟ್ಟನೆ ಬಿಟ್ಟರೆ ಬೇರೆ ಅಪಾಯವಿದೆ.

ಹೃದಯಾಘಾತವಾದಾಗ, ಮುಖ್ಯವಾಗಿ ಹೃದಯದ ಕೆಳಭಾಗಕ್ಕೆ ಏಟು ಬಿದ್ದಾಗ, ಬಡಿತ ನಿಧಾನವಾಗಿ ಕೆಲವು ದಿನದಲ್ಲಿ ತಾನಾಗಿ ಸರಿಹೋಗುವುದು ಬಹಳ ಸಲ ಕಾಣುತ್ತದೆ. ಹಳದಿ ಕಣಗಿಲೆಯ ಬೀಜ ತಿಂದವರಿಗೂ ಹೃದಯದ ಬಡಿತ ಕಟ್ಟುತ್ತದೆ. ಬೇಲಿಯಲ್ಲಿ ಹಳದಿ ಹೂ ಬಿಡುವ ಗಿಡ ಚಂದವೇ, ಆದರೆ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಇಂಥ ಹೊತ್ತಿನಲ್ಲಿ ಕುತ್ತಿಗೆಯ ಅಥವಾ ತೊಡೆಸಂದಿನ ರಕ್ತನಾಳದಿಂದ ತಂತಿ ಇಳಿಸಿ, ಹೊರಗಿನ ಪೆಟ್ಟಿಗೆಗೆ ಜೋಡಿಸುವ ತಾತ್ಕಾಲಿಕ ಪೇಸ್‌ಮೇಕರ್ ಸಾಕಾಗಬಹುದು. "ಕೆಲವು ದಿನ ಕಾದು ನೋಡೋಣ" ಎಂದು ಡಾಕ್ಟರು ಅಂದರೆ ಅದು ಅಸಡ್ಡೆಯಲ್ಲ.

4. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅಪ್ಪಯ್ಯನಿಗೆ ನಾನು ಹೇಳಿದ್ದು ತೋಟದ ಪಂಪ್‌ಸೆಟ್ಟಿನ ಲೆಕ್ಕದಲ್ಲಿ. ಪೈಪು ಕಟ್ಟಿದರೆ ಸ್ಟೆಂಟ್. ಸ್ಟಾರ್ಟರ್ ಕೆಟ್ಟರೆ ಪೇಸ್‌ಮೇಕರ್. ಪಂಪೇ ಸವೆದಿದ್ದರೆ ಹೊಸ ಸ್ಟಾರ್ಟರ್ ಹಾಕಿ ನೀರು ಹೆಚ್ಚು ಬರುವುದಿಲ್ಲ.

ಹೃದಯದ ಮೇಲ್ಕೋಣೆಯಿಂದ ಕೆಳಕೋಣೆಗೆ ಹೋಗುವ ವಿದ್ಯುತ್ ದಾರಿ ಪೂರ್ತಿ ಕಡಿದಾಗ ಕೆಳಕೋಣೆ ತನ್ನ ಪಾಡಿಗೆ 20ರಿಂದ 40ರ ಲೆಕ್ಕದಲ್ಲಿ ಬಡಿಯುತ್ತದೆ, ಯಾವಾಗ ಬೇಕಾದರೂ ನಿಲ್ಲಬಹುದು. ಇದು ಸಂಪೂರ್ಣ ಹಾರ್ಟ್ ಬ್ಲಾಕ್. ಪೇಸ್‌ಮೇಕರ್ ಬರುವುದಕ್ಕೆ ಮುಂಚೆ ಇಂಥವರಲ್ಲಿ ಸುಮಾರು ಅರ್ಧದಷ್ಟು ಜನ ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಇವರಿಗೆ ಪೇಸ್‌ಮೇಕರ್ ಜೀವ ಉಳಿಸುವ ಸಾಧನ. ಹೃದಯದ ಮೂಲ ಬಡಿತಗಾರನೇ ಸೋತ ಸಿಕ್ ಸೈನಸ್ ತೊಂದರೆಯಲ್ಲಿ ಲಾಭ ಬೇರೆ ಬಗೆಯದು. ಬೀಳುವುದು, ಸುಸ್ತು ತಪ್ಪುತ್ತದೆ. ಆದರೆ ಆಯಸ್ಸು ಹೆಚ್ಚುತ್ತದೆ ಎನ್ನಲಾಗದು. ಆದ್ದರಿಂದ ಯಾವ ತೊಂದರೆಯೂ ಇಲ್ಲದೆ ನಾಡಿ ಮಾತ್ರ 48 ಇರುವವರಿಗೆ ಯಾರಾದರೂ "ಹಾಕಿಸಿಬಿಡಿ" ಅಂದರೆ ಇನ್ನೊಬ್ಬರು ಹೃದ್ರೋಗ ತಜ್ಞರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಹಾರ್ಟ್ ಬ್ಲಾಕ್ ಆದವರು ಮಾತ್ರ "ಅಡಿಕೆ ಕೊನೆಕೊಯ್ಲು ಮುಗೀಲಿ" ಅಂತ ಕಾಯಬಾರದು. ಅಪ್ಪಯ್ಯನೂ ಹಾಗೇ ಕಾಯೋಣ ಅಂದಿದ್ದರು.

ಕೊಬ್ಬು, ಸಕ್ಕರೆ ಕಾಯಿಲೆ, ರಕ್ತನಾಳದ ಕಟ್ಟು ಇವು ಯಾವುವನ್ನೂ ಪೇಸ್‌ಮೇಕರ್ ಮುಟ್ಟುವುದಿಲ್ಲ. ಹೃದಯಾಘಾತವನ್ನು ತಡೆಯುವುದಿಲ್ಲ.

5. ಯಾವ ಬಗೆಯದು ಎಂದು ಕೇಳಿ

ಒಂದು ತಂತಿಯದ್ದು ಸಾಮಾನ್ಯವಾಗಿ ಕೆಳಕೋಣೆಯನ್ನು ಮಾತ್ರ ಬಡಿಸುತ್ತದೆ. ಎರಡು ತಂತಿಯದ್ದು ಮೇಲೆ ಕೆಳಗೆ ಎರಡನ್ನೂ ಹೊಂದಿಸುತ್ತದೆ. ಮೇಲ್ಕೋಣೆ ಸರಿಯಾಗಿ ಕೆಲಸ ಮಾಡುತ್ತಿರುವವರಿಗೆ ಒಂದೇ ತಂತಿ ಹಾಕಿದರೆ ಕೆಲವರಿಗೆ ಕುತ್ತಿಗೆಯಲ್ಲಿ ಬಡಿತ, ತಲೆಸುತ್ತು, ಸುಸ್ತು ಬರುತ್ತದೆ. ಇದಕ್ಕೆ ಪೇಸ್‌ಮೇಕರ್ ಸಿಂಡ್ರೋಮ್ ಅನ್ನುತ್ತಾರೆ. ಸದಾ ಏಟ್ರಿಯಲ್ ಫಿಬ್ರಿಲೇಶನ್ (ಮೇಲ್ಕೋಣೆ ಲಯ ತಪ್ಪಿ ಅದುರುವ ತೊಂದರೆ) ಇರುವವರಿಗೆ ಒಂದೇ ಸಾಕು. ಮೂರು ತಂತಿಯದ್ದು ಸಿಆರ್‌ಟಿ. ಹೃದಯ ಸೋತು, ಎರಡು ಬದಿ ಒಟ್ಟಿಗೆ ಬಡಿಯದವರಿಗೆ ಅದು. ಅದು ಸರಿಹೊಂದಿದವರು ಮತ್ತೆ ತೋಟ ಸುತ್ತುವಂತಾಗುತ್ತಾರೆ, ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಗುಣ ಕಾಣುವುದಿಲ್ಲ. ತಂತಿಯೇ ಇಲ್ಲದೆ ಹೃದಯದೊಳಗೇ ಕೂರುವ ಮಾತ್ರೆಯಾಕಾರದ್ದೂ ಈಗ ಇದೆ, ಬೆಲೆ ಜೋರು.

ಇನ್ನೊಂದು ಪ್ರಶ್ನೆ ಮರೆಯಬೇಡಿ: "ಇದಕ್ಕೆ ಎಂಆರ್‌ಐ ಮಾಡಿಸಬಹುದಾ? ತಂತಿಗೂ ಮಾಡಿಸಬಹುದಾ?" ಪೆಟ್ಟಿಗೆ, ತಂತಿ ಎರಡೂ ಎಂಆರ್‌ಐಗೆ ಹೊಂದುವಂಥದ್ದಾದರೆ ಮುಂದೆ ಸೊಂಟನೋವೋ ಪಾರ್ಶ್ವವಾಯುವೋ ಬಂದಾಗ ಪರದಾಟ ಇರುವುದಿಲ್ಲ.

6. ದುಡ್ಡಿನ ಮಾತು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ನಮ್ಮ ಜಿಲ್ಲೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ವಿಚಾರಣೆ ಶುರು ಮಾಡುವುದು ಸಲೀಸು. ಆಧಾರ್, ರೇಷನ್ ಕಾರ್ಡುಗಳ ಮೂಲ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಒಂದು ಹಾಳೆಗೋಸ್ಕರ ಶಿವಮೊಗ್ಗದಿಂದ ಊರಿಗೆ ಬಂದು ಹೋದವನು ನಾನು.

ಖಾಸಗಿಯಲ್ಲಾದರೆ ಪೆಟ್ಟಿಗೆಗೆಷ್ಟು, ತಂತಿಗೆಷ್ಟು, ಕ್ಯಾಥ್ ಲ್ಯಾಬಿಗೆ (ತಂತಿ ಇಳಿಸುವ ಕೋಣೆ), ಹಾಸಿಗೆಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಬ್ಯಾಟರಿ ಮುಗಿದಾಗ ಮತ್ತೊಮ್ಮೆ ಖರ್ಚಿದೆ ಎಂಬುದನ್ನು ಮೊದಲೇ ತಿಳಿದಿರಿ.

7. ಹಾಕುವ ದಿನ, ಆ ದಿನದ ಅಪಾಯಗಳು

ಎದೆ ಸೀಳುವುದಿಲ್ಲ. ಕಾಲರ್ ಮೂಳೆಯ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಇಂಚಿನಷ್ಟು ಗಾಯ ಮಾಡಿ, ರಕ್ತನಾಳದೊಳಗಿಂದ ತಂತಿ ಇಳಿಸುತ್ತಾರೆ. ಒಂದೆರಡು ಗಂಟೆಯ ಕೆಲಸ. ಅಪ್ಪಯ್ಯ ಒಳಗೆ ಡಾಕ್ಟರ ಜೊತೆ ಅಡಿಕೆ ರೇಟು ಮಾತಾಡುತ್ತಿದ್ದರಂತೆ.

ಮೊದಲೇ ಹೇಳಬೇಕಾದ ಮೂರು ವಿಷಯ. ರಕ್ತ ತೆಳು ಮಾಡುವ ಮಾತ್ರೆ ಯಾವುದು ತೆಗೆದುಕೊಳ್ಳುತ್ತೀರಿ ಎಂಬುದು. ಜ್ವರ, ಹಲ್ಲಿನ ಕೀವು, ಕಾಲಿನ ಹುಣ್ಣು ಇದೆಯೇ ಎಂಬುದು. ಮೈಯಲ್ಲಿ ಎಲ್ಲೋ ಸೋಂಕಿದ್ದಾಗ ಪೆಟ್ಟಿಗೆ ಹಾಕಬಾರದು. ಮೂರನೆಯದು, ನಿಮ್ಮ ಕೈಯ ವಾಡಿಕೆ. ಸಾಮಾನ್ಯವಾಗಿ ಎಡಕ್ಕೆ ಹಾಕುತ್ತಾರೆ. ನೀವು ಎಡಚರಾದರೆ, ಕೋವಿಯ ಹಿಡಿಯನ್ನು ಎಡ ಹೆಗಲಿಗೆ ಕೊಡುವವರಾದರೆ ಬಾಯಿ ಬಿಟ್ಟು ಹೇಳಿ, ಬಲಕ್ಕೆ ಹಾಕಲು ಬರುತ್ತದೆ. ಪೇಟೆಯ ಡಾಕ್ಟರು ಕೋವಿಯ ವಿಚಾರ ತಾವಾಗಿ ಕೇಳುವುದಿಲ್ಲ.

ನೂರರಲ್ಲಿ ಹತ್ತಿರ ಹತ್ತು ಜನಕ್ಕೆ ಸಣ್ಣದೋ ದೊಡ್ಡದೋ ಒಂದು ತೊಂದರೆ ಆಗುವುದುಂಟು, ಜೀವಕ್ಕೆ ಎರವಾಗುವಂಥದ್ದು ಬಲು ಅಪರೂಪ. ಗಾಯದೊಳಗೆ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳಬಹುದು. ಸೂಜಿ ಶ್ವಾಸಕೋಶಕ್ಕೆ ತಾಗಿ ಅದರ ಸುತ್ತ ಗಾಳಿ ತುಂಬಬಹುದು. ತಂತಿ ಜಾಗ ಬಿಟ್ಟು ಜಾರಬಹುದು. ಅಪರೂಪಕ್ಕೆ ತಂತಿಯ ತುದಿ ಹೃದಯದ ಗೋಡೆ ಚುಚ್ಚಿ ಸುತ್ತ ರಕ್ತ ತುಂಬಬಹುದು. ಅದಕ್ಕೇ ಒಂದೆರಡು ದಿನ ಇಟ್ಟುಕೊಂಡು ಎಕ್ಸ್‌ರೇ ತೆಗೆದು ಕಳಿಸುತ್ತಾರೆ.

ಇವೆಲ್ಲಕ್ಕಿಂತ ನನಗೆ ಹೆದರಿಕೆ ಸೋಂಕಿನದು. ನಮ್ಮ ಪಕ್ಕದ ಊರಿನ ಒಬ್ಬರಿಗೆ ಮನೆಗೆ ಬಂದ ನಾಲ್ಕನೇ ದಿನ ಪೆಟ್ಟಿಗೆಯ ಜಾಗ ನಿಂಬೆಹಣ್ಣಿನಷ್ಟು ಊದಿತು. ಆಸ್ಪತ್ರೆ ದೂರ, ಮಳೆಗಾಲ ಬೇರೆ. ಹತ್ತಿರದ ಒಬ್ಬರು ಸಿರಿಂಜ್ ಹಾಕಿ ಕಪ್ಪು ರಕ್ತ ಎಳೆದುಬಿಟ್ಟರು. ಊತ ಇಳಿಯಿತು, ಎಲ್ಲರಿಗೂ ಸಮಾಧಾನ. ತಿಂಗಳೊಳಗೆ ಕೀವು. ಸೋಂಕು ಪೆಟ್ಟಿಗೆಯ ಜಾಗಕ್ಕೆ ಇಳಿದರೆ ಬರೀ ಆಂಟಿಬಯಾಟಿಕ್‌ಗೆ ಹೋಗುವುದಿಲ್ಲ. ಪೆಟ್ಟಿಗೆ, ತಂತಿ ಎಲ್ಲ ತೆಗೆದು, ಗುಣವಾದ ಮೇಲೆ ಇನ್ನೊಂದು ಬದಿಗೆ ಹೊಸದು ಹಾಕಬೇಕು. ವರ್ಷ ಕಳೆದ ತಂತಿಯಾದರೆ ರಕ್ತನಾಳಕ್ಕೆ ಅಂಟಿಕೊಂಡಿರುತ್ತದೆ, ಎಳೆಯುವುದೇ ದೊಡ್ಡ ಕೆಲಸ. ಆದ್ದರಿಂದ ಆ ಊತಕ್ಕೆ ಯಾರೂ ಸೂಜಿ ಹಾಕಕೂಡದು. ಹಾಕಿದ ಆಸ್ಪತ್ರೆಗೇ ಹೋಗಬೇಕು.

8. ಮೊದಲ ಆರು ವಾರ

ತಂತಿಯ ತುದಿ ಹೃದಯದ ಮಾಂಸಕ್ಕೆ ಕಚ್ಚಿಕೊಳ್ಳುವ ಕಾಲ ಇದು. ಆ ಬದಿಯ ಮೊಣಕೈ ಹೆಗಲಿಗಿಂತ ಮೇಲೆ ಏಳಬಾರದು. ಅಂಗಿ ಹಾಕುವಾಗ ಮೊದಲು ಆ ತೋಳು, ಬಿಚ್ಚುವಾಗ ಕೊನೆಗೆ ಆ ತೋಳು. ಬಾವಿಯಿಂದ ನೀರು ಸೇದುವುದು, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸೊಪ್ಪಿನ ಹೊರೆ ಯಾವುದೂ ಬೇಡ. ಹಾಗಂತ ಕೈಯನ್ನು ಎದೆಗೆ ಕಟ್ಟಿಕೊಂಡು ಕೂರಲೂಬಾರದು, ಹೆಗಲು ಬಿಗಿದುಕೊಳ್ಳುತ್ತದೆ. ಉಣ್ಣುವುದು, ತಲೆ ಬಾಚುವುದು, ಬರೆಯುವುದು ಮಾಡುತ್ತಿರಲಿ.

ಗಾಯ ಒಣಗುವವರೆಗೆ, ಡಾಕ್ಟರು ಹೇಳಿದಷ್ಟು ದಿನ, ನೀರು ತಾಗಿಸಬೇಡಿ. ಬಚ್ಚಲ ಹಂಡೆಯ ಬಿಸಿನೀರನ್ನು ತಲೆಯಿಂದ ಹೊಯ್ದುಕೊಳ್ಳದೆ ಸ್ನಾನ ಮುಗಿಯಿತು ಅನ್ನಿಸದ ಜನ ನಾವು, ಸ್ವಲ್ಪ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರಾಯಿತು. ಅರಿಶಿನ, ಕೊಬ್ಬರಿ ಎಣ್ಣೆ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ದಿನ ಆಯ್ದುಕೊಳ್ಳುವ ಅವಕಾಶ ಇದ್ದವರು ಆಷಾಢದ ಮಳೆ ಬಿಟ್ಟು ಮಾಡಿಸಿಕೊಳ್ಳುವುದು ಜಾಣತನ. ಆಗುಂಬೆ ಘಾಟಿಯಲ್ಲಿ ಮರ ಬಿದ್ದ ದಿನ ಮಣಿಪಾಲಕ್ಕೆ ತಪಾಸಣೆಗೆ ಹೋಗುವುದು ಹೇಗೆ?

ಕೂಡಲೇ ಹೊರಡಬೇಕಾದ ಲಕ್ಷಣಗಳು ಇವು: ಮತ್ತೆ ತಲೆ ತಿರುಗಿ ಬೀಳುವುದು, ಎದೆನೋವು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ಒಸರುವುದು, ಇಡೀ ತೋಳು ಊದುವುದು. ಬಿಡದೆ ಬರುವ ಬಿಕ್ಕಳಿಕೆಯನ್ನೂ ನಗೆಯಾಡಿ ಬಿಡಬೇಡಿ. ಜಾರಿದ ತಂತಿ ಎದೆ-ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯನ್ನು ಬಡಿಯುತ್ತಿರಬಹುದು.

9. ತೋಟ, ಅಡುಗೆಮನೆ, ಮೊಬೈಲು

ಮಿಕ್ಸಿ, ಟಿವಿ, ಫ್ರಿಜ್ಜು, ಫ್ಯಾನು ಏನೂ ಮಾಡುವುದಿಲ್ಲ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರವಿರಲಿ. ಮೊಬೈಲನ್ನು ಎದೆ ಜೇಬಿಗೆ ಹಾಕಬೇಡಿ, ಪೆಟ್ಟಿಗೆಯಿಂದ ಆರು ಇಂಚು ದೂರ ಇರಲಿ, ಆಚೆ ಬದಿಯ ಕಿವಿಗೆ ಹಿಡಿಯಿರಿ. ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದು ಬಿಟ್ಟು ಒಂದೇ ವೇಗದಲ್ಲಿ ಬಡಿಯತೊಡಗುತ್ತದೆ, ದೂರ ಹೋದರೆ ಮೊದಲಿನಂತಾಗುತ್ತದೆ. ಆದ್ದರಿಂದ ಊರ ಯಕ್ಷಗಾನಕ್ಕೆ ದೊಡ್ಡ ಸ್ಪೀಕರನ್ನು ಎದೆಗವಚಿಕೊಂಡು ಸಾಗಿಸುವ ಉತ್ಸಾಹ ಬೇಡ.

ಕಂಪನಿಯ ಪುಸ್ತಕದಲ್ಲಿ ಇಲ್ಲದ್ದು ತೋಟದ ಕೆಲಸ. ಕಳೆ ಕೊಚ್ಚುವ ಯಂತ್ರದ ಪಟ್ಟಿ, ಔಷಧಿ ಹೊಡೆಯುವ ಡಬ್ಬದ ಪಟ್ಟಿ ನೇರ ಪೆಟ್ಟಿಗೆಯ ಮೇಲೇ ಕೂರುತ್ತದೆ. ವರ್ಷಾನುಗಟ್ಟಲೆ ಉಜ್ಜಿದರೆ ಚರ್ಮ ತೆಳುವಾಗಿ ಪೆಟ್ಟಿಗೆ ಹೊರಗೆ ಕಾಣುವ ಹಂತಕ್ಕೆ ಬರಬಹುದು. ಅಪ್ಪಯ್ಯ ಹಳೇ ಕಂಬಳಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಗೆ ಹೊಲಿಸಿಕೊಂಡರು, ಒಂದು ವರ್ಷವಾದ ಮೇಲೆ ನಾನೇ ಆ ಕೆಲಸ ಬಿಡಿಸಿದೆ. ದೋಟಿ ಹಿಡಿದು ದಿನವಿಡೀ ತಲೆಯ ಮೇಲೆ ಕೈ ಎತ್ತಿ ಅಡಿಕೆ ಕೊನೆ ತೆಗೆಯುವುದೂ ಒಳ್ಳೆಯದಲ್ಲ. ತಂತಿ ಕಾಲರ್ ಮೂಳೆಗೂ ಪಕ್ಕೆಲುಬಿಗೂ ನಡುವೆ ಸಿಕ್ಕಿ ಸವೆದು ಮುರಿಯುವುದುಂಟು. ಅಡಿಕೆ ಸುಲಿಯುವುದು, ಆರಿಸುವುದು ಧಾರಾಳವಾಗಿ ಮಾಡಬಹುದು.

ಮರ ಕೊಯ್ಯುವ ಪೆಟ್ರೋಲ್ ಗರಗಸ, ಓಡುತ್ತಿರುವ ಇಂಜಿನ್ನಿನ ಪ್ಲಗ್ಗು ಇವುಗಳಿಂದ ಕನಿಷ್ಠ ಒಂದು ಅಡಿ ದೂರ. ವೆಲ್ಡಿಂಗ್ ಕೆಲಸದವರು ಡಾಕ್ಟರನ್ನು ಕೇಳದೆ ಮತ್ತೆ ಕೈಹಾಕಬೇಡಿ. ಹಂದಿ, ಆನೆಗೆ ಹಾಕಿದ ಕರೆಂಟ್ ಬೇಲಿಯನ್ನು ಮುಟ್ಟಬೇಡಿ, ಅದು ಸೋಲಾರಿನದಾದರೂ.

ಹಲ್ಲು ಕೀಳಿಸಲು ಪೇಸ್‌ಮೇಕರ್ ಕಾರಣಕ್ಕೇ ಆಂಟಿಬಯಾಟಿಕ್ ಬೇಕಿಲ್ಲ. ಆದರೆ ಯಾವುದೇ ಆಪರೇಷನ್, ಕ್ಯಾನ್ಸರಿನ ರೇಡಿಯೇಷನ್, ಫಿಸಿಯೋಥೆರಪಿಯ ಕರೆಂಟ್ ಚಿಕಿತ್ಸೆಗೆ ಮುಂಚೆ ಹೇಳಲೇಬೇಕು.

10. ತಪಾಸಣೆ ಮತ್ತು ಬ್ಯಾಟರಿ

ಮೊದಲ ತಪಾಸಣೆ ಒಂದರಿಂದ ಮೂರು ತಿಂಗಳೊಳಗೆ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ. ನೋವಿಲ್ಲ. ಎದೆಯ ಮೇಲೆ ಒಂದು ಸಾಧನವಿಟ್ಟು ಕಂಪ್ಯೂಟರಿನಲ್ಲಿ ಓದುತ್ತಾರೆ. ಎರಡು ಸಂಖ್ಯೆ ಕೇಳಿ ಬರೆದುಕೊಳ್ಳಿ: ಬ್ಯಾಟರಿ ಇನ್ನೆಷ್ಟು ವರ್ಷ, ಕೆಳಕೋಣೆಗೆ ಶೇಕಡ ಎಷ್ಟು ಬಡಿತ ಪೇಸ್‌ಮೇಕರಿನದು. ಬಲ ಕೆಳಕೋಣೆಯಿಂದಲೇ ಸದಾ ಬಡಿಸುತ್ತಿದ್ದರೆ ಕೆಲವರಿಗೆ ವರ್ಷಗಳು ಕಳೆದಂತೆ ಹೃದಯದ ಸ್ನಾಯುವೇ ದುರ್ಬಲವಾಗುತ್ತದೆ. ಆ ಸಂಖ್ಯೆ ಹೆಚ್ಚಿದ್ದು, ಕಾಲು ಊದಿ, ಏದುಸಿರು ಶುರುವಾದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಹೃದಯದ ಸ್ವಂತ ವಿದ್ಯುತ್ ದಾರಿಗೇ ತಂತಿ ಕೂರಿಸುವ ಹೊಸ ವಿಧಾನ ಬಂದಿರುವುದು ಈ ತೊಂದರೆ ತಪ್ಪಿಸಲೆಂದೇ.

ಮನೆಯಿಂದಲೇ ಆಸ್ಪತ್ರೆಗೆ ಮಾಹಿತಿ ಕಳಿಸುವ ಯಂತ್ರ ಕೊಡುತ್ತೇವೆ ಅಂದರೆ, ನೆಟ್‌ವರ್ಕ್ ಇಲ್ಲದ ಮನೆಯವರು ಮೊದಲು ಅದನ್ನು ಹೇಳಿ. ಗುಡ್ಡ ಹತ್ತಿದರೆ ಸಿಗುವ ಎರಡು ಕಡ್ಡಿ ಸಿಗ್ನಲ್ಲಿಗೆ ಆ ಯಂತ್ರ ಕೆಲಸ ಮಾಡದು.

ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. ಥಟ್ಟನೆ ನಿಲ್ಲುವುದಿಲ್ಲ, ತಿಂಗಳುಗಳ ಮೊದಲೇ ತಪಾಸಣೆಯಲ್ಲಿ ಸೂಚನೆ ಸಿಗುತ್ತದೆ. ತಂತಿ ಚೆನ್ನಾಗಿದ್ದರೆ ಪೆಟ್ಟಿಗೆ ಮಾತ್ರ ಬದಲು. ಮನುಷ್ಯನ ಮೈಯೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ಆರ್ನೆ ಲಾರ್ಸನ್ ಎಂಬವರಿಗೆ. ಆ ಪೆಟ್ಟಿಗೆ ಕೆಲವೇ ಗಂಟೆಗೆ ನಿಂತಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಬದಲಾಯಿಸಿಕೊಂಡು ಅವರು 2001ರವರೆಗೆ ಬದುಕಿದರು. ಅದನ್ನು ಕೂರಿಸಿದ ಸರ್ಜನ್, ಮಾಡಿಕೊಟ್ಟ ಇಂಜಿನಿಯರ್ ಇಬ್ಬರೂ ಅವರಿಗಿಂತ ಮೊದಲು ಹೋದರು.

ಆಸ್ಪತ್ರೆ ಕೊಡುವ ಪೇಸ್‌ಮೇಕರ್ ಕಾರ್ಡನ್ನು ಆಧಾರಿನ ಜೊತೆಗೇ ಇಡಿ. ಅಪ್ಪಯ್ಯ ಅಡಿಕೆ ಮಂಡಿಯ ಲೆಕ್ಕದ ಪುಸ್ತಕದ ಹಿಂದಿನಿಂದ ನಾಡಿಯ ಲೆಕ್ಕ ಬರೆಯುತ್ತಾರೆ, ಪ್ರತಿ ಭಾನುವಾರ ಒಂದು ಸಾಲು. ಅವರ ಪೆಟ್ಟಿಗೆಯ ಕನಿಷ್ಠ ಬಡಿತವನ್ನು 60ಕ್ಕೆ ಇಟ್ಟಿದ್ದಾರೆ. ಎಣಿಕೆ ಅದಕ್ಕಿಂತ ಇಳಿದರೆ ಐದು ನಿಮಿಷ ಬಿಟ್ಟು ಮತ್ತೆ ಎಣಿಸುವುದು, ಆಗಲೂ ಕಮ್ಮಿ ಇದ್ದರೆ ಆಸ್ಪತ್ರೆಗೆ ಫೋನ್.

11. ಯಾರೂ ಕೇಳದ ಪ್ರಶ್ನೆ

ಪೇಸ್‌ಮೇಕರ್ ಇದ್ದವರಿಗೆ ಜೀವ ಸುಲಭವಾಗಿ ಹೋಗುವುದಿಲ್ಲ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಸುಳ್ಳು. ಕೊನೆಗಾಲದಲ್ಲಿ ಪೆಟ್ಟಿಗೆ ಮಿಡಿದರೂ ಸ್ನಾಯು ಓಗೊಡುವುದಿಲ್ಲ. ಆದರೆ ಸುಡುವ ಪದ್ಧತಿಯ ಮನೆಯವರು ಒಂದು ವಿಷಯ ತಿಳಿದಿರಬೇಕು: ಒಳಗಿನ ಲಿಥಿಯಂ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ಚಿತೆಯ ಹತ್ತಿರ ನಿಂತವರಿಗೆ ಅಪಾಯ. ಆಸ್ಪತ್ರೆಯಲ್ಲೇ ತೀರಿಕೊಂಡರೆ ಅಲ್ಲೇ ತೆಗೆಸಿ. ಮನೆಯಲ್ಲಾದರೆ ಚಿತೆಗೆ ಮುಂಚೆ ಹತ್ತಿರದ ಡಾಕ್ಟರನ್ನು ಕರೆಸಿ, ಹತ್ತು ನಿಮಿಷದ ಕೆಲಸ.

ಇದನ್ನು ಅಪ್ಪಯ್ಯನಿಗೆ ಹೇಗೆ ಹೇಳುವುದು ಅಂತ ನಾನು ಒಂದು ವಾರ ಒದ್ದಾಡಿದೆ. ಕೊನೆಗೆ ಜಗಲಿಯಲ್ಲಿ ಕೂತು ಹೇಳಿದಾಗ ಅವರು ಕವಳ ಉಗಿದು ಬಂದು, "ಅದಕ್ಕೆಂತ, ಮರ್ತು ಹೋಗ್ತದೆ, ಬರ್ದಿಡ್ಬೇಕು" ಅಂದರು. ಮಂಡಿ ಪುಸ್ತಕದ ಕೊನೇ ಹಾಳೆಯಲ್ಲಿ, ನಾಡಿಯ ಸಾಲುಗಳ ಮೇಲೆ, ಅವರದ್ದೇ ಅಕ್ಷರದಲ್ಲಿ ಈಗ ಹೀಗಿದೆ: "ಸೌದೆ ಜೋಡಿಸುವ ಮೊದಲು ಡಾಕ್ಟರಿಗೆ ಫೋನ್ ಮಾಡುವುದು. ಎಡ ಬದಿ."